ಕಂಡವರಿಲ್ಲದ ಕಾಳಗಕ್ಕೆ ಮಹಾವೀರ ಚಕ್ರ

1965ರ ಸೆಪ್ಟೆಂಬರ್ 7, ಇನ್ನೂ ಬೆಳಕು ಹರಿಯದ ಹೊತ್ತು. ಪಂಜಾಬಿನ ಆದಂಪುರ ವಾಯುನೆಲೆಯಿಂದ ಮಿಸ್ಟೇರ್ ಯುದ್ಧವಿಮಾನಗಳ ಗುಂಪೊಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಕಡೆಗೆ ಹೊರಟಿತು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೊಪ್ಪಯ್ಯ ದೇವಯ್ಯ ಆ ದಿನ ಮೀಸಲು ಪೈಲಟ್. ಯಾರಾದರೂ ಹಿಂದೆ ಉಳಿದರೆ ಮಾತ್ರ ಅವರ ಸರದಿ. ಒಂದು ವಿಮಾನ ಹಿಂದೆ ಉಳಿಯಿತು, ದೇವಯ್ಯ ಗುಂಪನ್ನು ಕೂಡಿಕೊಂಡರು. ದಾಳಿ ಮುಗಿದು ಉಳಿದವರು ಮರಳಿದರು, ಅವರು ಮರಳಲಿಲ್ಲ.

ಏನಾಯಿತೆಂದು ಹೇಳಬಲ್ಲವರು ಆದಂಪುರದಲ್ಲಿ ಒಬ್ಬರೂ ಇರಲಿಲ್ಲ. ಕಡತದಲ್ಲಿ ಉಳಿದದ್ದು ‘ಕಾಣೆಯಾದವರು’ ಎಂಬ ಒಂದೇ ಮಾತು.

ಯುದ್ಧಕಾಲದ ಶೌರ್ಯಕ್ಕೆ ಭಾರತ ಕೊಡುವ ಪರಮವೀರ, ಮಹಾವೀರ ಮತ್ತು ವೀರ ಚಕ್ರಗಳು ಸ್ಥಾಪನೆಯಾದದ್ದು 1950ರ ಜನವರಿ 26ರಂದು, ಗಣರಾಜ್ಯ ಹುಟ್ಟಿದ ದಿನವೇ. ಕಾಶ್ಮೀರದಲ್ಲಿ ಅಷ್ಟರೊಳಗೆ ಮಡಿದವರನ್ನು ಮರೆಯಬಾರದೆಂದು ಅವನ್ನು 1947ರ ಆಗಸ್ಟ್ 15ರಿಂದಲೇ ಅನ್ವಯವಾಗುವಂತೆ ಮಾಡಲಾಯಿತು. ಎರಡನೆಯ ದರ್ಜೆಯ ಮಹಾವೀರ ಚಕ್ರ ಬೆಳ್ಳಿಯದು. ಮುಂಬದಿಯಲ್ಲಿ ಐದು ಮೊನೆಯ ನಕ್ಷತ್ರ, ನಡುವೆ ಚಿನ್ನದ ಲೇಪದ ರಾಷ್ಟ್ರಲಾಂಛನ. ಪಟ್ಟಿ ಅರ್ಧ ಬಿಳಿ, ಅರ್ಧ ಕಿತ್ತಳೆ. ಇಂಥ ಪದಕವನ್ನು ಸೈನಿಕ ತಾನಾಗಿ ಕೇಳಿ ಪಡೆಯುವುದಿಲ್ಲ. ಮೇಲಧಿಕಾರಿ ಶಿಫಾರಸು ಬರೆಯಬೇಕು, ಕಂಡವರು ಹೇಳಬೇಕು, ಆ ಬರಹ ಒಂದೊಂದೇ ಹಂತ ಏರಿ ದೆಹಲಿ ಮುಟ್ಟಬೇಕು. ವ್ಯವಸ್ಥೆ ಸರಿಯಾದದ್ದೇ. ಸಾಕ್ಷಿಯಿಲ್ಲದೆ ಹಂಚಿದರೆ ಪದಕದ ಬೆಲೆ ಉಳಿಯದು. ಆದರೆ ಒಬ್ಬಂಟಿಯಾಗಿ ಹೋರಾಡಿ ಸತ್ತವನಿಗೆ ಸಾಕ್ಷಿ ಎಲ್ಲಿಂದ ತರುವುದು?

ಚೀನಾದೊಡನೆ 1962ರಲ್ಲಿ ಲಡಾಖಿನ ರೆಜಾಂಗ್ ಲಾದಲ್ಲಿ ನಡೆದ ಕಾಳಗದಲ್ಲೂ ಇದೇ ತೊಡಕು ಎದುರಾಗಿತ್ತು. ಕೊನೆಯ ಗುಂಡಿನವರೆಗೂ ಕಾದಿದರೆಂದು ಬದುಕುಳಿದ ಕೆಲವರು ಹೇಳಿದಾಗ ಪೂರ್ತಿ ನಂಬಿದವರು ಕಡಿಮೆ. ಮರುವರ್ಷ, ಆಯುಧ ಹಿಡಿದ ಭಂಗಿಯಲ್ಲೇ ಹೆಪ್ಪುಗಟ್ಟಿದ್ದ ದೇಹಗಳು ಸಿಕ್ಕವು. ಮೇಜರ್ ಶೈತಾನ್ ಸಿಂಗ್ ಮತ್ತು ಅವರ ಕುಮಾಂವ್ ರೆಜಿಮೆಂಟಿನ ಯೋಧರ ಪರವಾಗಿ ಆ ಹಿಮವೇ ಸಾಕ್ಷಿ ನುಡಿಯಿತು. ದೇವಯ್ಯನವರು ಬಿದ್ದದ್ದಾದರೋ ವೈರಿಯ ನೆಲದಲ್ಲಿ. ಅಲ್ಲಿನ ಹಳ್ಳಿಯವರು ಅವರನ್ನು ಹೊಲದಲ್ಲೇ ಮಣ್ಣು ಮಾಡಿದ್ದರು.

ಸಾಕ್ಷಿ ಬಂದದ್ದೂ ಅಲ್ಲಿಂದಲೇ. ಪಾಕಿಸ್ತಾನದ ವಾಯುಪಡೆಯವರ ನೆರವು ಪಡೆದು 1965ರ ಆಕಾಶಯುದ್ಧದ ಬಗ್ಗೆ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಬರೆದ ಪುಸ್ತಕ 1979ರಲ್ಲಿ ಹೊರಬಂತು. ದಾಳಿ ಮುಗಿಸಿ ಮರಳುತ್ತಿದ್ದ ಒಂದು ಮಿಸ್ಟೇರ್ ಅನ್ನು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಬೆನ್ನಟ್ಟಿದ ಸಂಗತಿ ಅದರಿಂದ ತಿಳಿಯಿತು. ಹುಸೇನ್ ಹಾರಿಸುತ್ತಿದ್ದದ್ದು ಅಮೆರಿಕದ ಎಫ್-104 ಸ್ಟಾರ್‌ಫೈಟರ್, ಶಬ್ದದ ಎರಡು ಪಟ್ಟು ವೇಗದ ಯಂತ್ರ. ಮಿಸ್ಟೇರ್ ಅದರ ಮುಂದೆ ಹಳೆಯ, ನಿಧಾನದ ವಿಮಾನ. ಮೊದಲು ಬಿಟ್ಟ ಕ್ಷಿಪಣಿ ಗುರಿ ತಪ್ಪಿತು. ಆಮೇಲೆ ಹಾರಿಸಿದ ಗುಂಡುಗಳು ತಾಗಿದವು. ಕೆಲಸ ಮುಗಿಯಿತೆಂದು ಹುಸೇನ್ ಬೇರೆ ಕಡೆ ತಿರುಗಿದರು. ಏಟು ತಿಂದ ಮಿಸ್ಟೇರ್ ಮಾತ್ರ ಬೀಳದೆ ಎದುರು ನಿಂತಿತು. ನೆಲಕ್ಕೆ ಹತ್ತಿರದಲ್ಲೇ ಎರಡೂ ಸುತ್ತತೊಡಗಿದವು. ಕಡಿಮೆ ವೇಗದ ಬಿಗಿ ತಿರುವುಗಳಲ್ಲಿ ಸ್ಟಾರ್‌ಫೈಟರಿನ ಓಟ ಉಪಯೋಗಕ್ಕೆ ಬರುವುದಿಲ್ಲ. ದೇವಯ್ಯನವರ ಗುಂಡು ಅದಕ್ಕೆ ತಾಗಿತು. ಹುಸೇನ್ ಪ್ಯಾರಾಚೂಟಿನಲ್ಲಿ ಹಾರಿ ಬದುಕಿದರು. ದೇವಯ್ಯನವರಿಗೆ ಆಗ 32 ವರ್ಷ. ಅವರು ಬದುಕಲಿಲ್ಲ.

ಇತಿಹಾಸ ಓದುವವರ ಎದೆ ಹಿಂಡುವ ಇನ್ನೊಂದು ಸಂಗತಿಯಿದೆ. 1971ರ ಡಿಸೆಂಬರಿನ ಯುದ್ಧದಲ್ಲಿ ಇದೇ ಅಮ್ಜದ್ ಹುಸೇನ್ ಅಮೃತಸರದ ಬಳಿ ವಿಮಾನ ಉರುಳಿ ಭಾರತದ ಕೈಗೆ ಸೆರೆ ಸಿಕ್ಕರು. ದೇವಯ್ಯನವರ ಕೊನೆಯ ನಿಮಿಷಗಳನ್ನು ಕಣ್ಣಾರೆ ಕಂಡ ಮನುಷ್ಯ ಭಾರತದ ನೆಲದಲ್ಲೇ ಕೈದಿಯಾಗಿದ್ದಾಗಲೂ ಆ ಹೆಸರು ‘ಕಾಣೆಯಾದವರು’ ಎಂಬ ಮಾತಿನ ಹಿಂದೆಯೇ ಉಳಿದಿತ್ತು.

ಪುಸ್ತಕ ಬಂದ ಮೇಲೂ ಹಲವು ವರ್ಷ ಹಿಡಿಯಿತು. ಆ ಮಿಸ್ಟೇರಿನ ಪೈಲಟ್ ಯಾರೆಂದು ನಮ್ಮ ಕಡೆಯ ದಾಖಲೆಗಳೊಂದಿಗೆ ತಾಳೆ ನೋಡಬೇಕಿತ್ತು. ಆ ಮುಂಜಾನೆಯ ದಾಳಿಯಿಂದ ಮರಳದ ಮಿಸ್ಟೇರ್ ಪೈಲಟ್ ದೇವಯ್ಯ ಒಬ್ಬರೇ. 1988ರಲ್ಲಿ, ಕಾಳಗ ನಡೆದು 23 ವರ್ಷಗಳ ಮೇಲೆ, ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ಪದಕ ಪಡೆದವರು ಅವರ ಪತ್ನಿ. ಶೌರ್ಯಕ್ಕೆ ಮನ್ನಣೆ ಕೊಡಲು ಎದುರಾಳಿಯ ಕಡೆಯ ಮಾತನ್ನು ದೇಶವೊಂದು ಆಧಾರವಾಗಿ ಒಪ್ಪಿದ್ದು ದೊಡ್ಡ ನಡೆ. ಸೋತವನೂ ನಡೆದದ್ದನ್ನು ಮುಚ್ಚಿಡಲಿಲ್ಲವೆಂಬುದನ್ನೂ ಅದರ ಜೊತೆಗೆ ನೆನೆಯಬೇಕು.

ಈ ಕಾಳಗವನ್ನು ಆಧರಿಸಿ 2025ರ ಜನವರಿಯಲ್ಲಿ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಿತ್ರ ತೆರೆಗೆ ಬಂತು. ಅದರಲ್ಲಿ ದೇವಯ್ಯನವರನ್ನು ಆಧರಿಸಿದ ಪಾತ್ರದ ಹೆಸರು ಬೇರೆ. ಕೊಡವ ಗುರುತೂ ಇಲ್ಲವೆಂದು ಕೊಡಗಿನವರು ನೊಂದುಕೊಂಡರು, ಆ ನೋವು ನ್ಯಾಯವಾದದ್ದು. ಕಾಳಗವನ್ನು ಲೋಕ ತಿಳಿಯುವುದಕ್ಕೇ ಹದಿನಾಲ್ಕು ವರ್ಷ, ಪದಕಕ್ಕೆ ಇನ್ನೊಂಬತ್ತು ವರ್ಷ ಕಾದ ಮನುಷ್ಯ ಅಜ್ಜಮಾಡ ದೇವಯ್ಯ. ಅವರ ಕಥೆಯನ್ನು ಮಕ್ಕಳಿಗೆ ಹೇಳುವಾಗ ಹೆಸರನ್ನೂ ಮನೆತನವನ್ನೂ ಊರನ್ನೂ ಬಿಡದೆ ಹೇಳಬೇಕು.