ಸೆಜಾನನ ಹಣ್ಣುಗಳ ಜಲವರ್ಣಚಿತ್ರ: ಅಸಮಾಪ್ತವೋ, ಅಪೂರ್ಣವೋ?

ಫ್ರಾನ್ಸಿನ ಚಿತ್ರಕಾರನಾದ ಪಾಲ್ ಸೆಜಾನನು (1839–1906) ತನ್ನ ಕಡೆಯ ವರ್ಷಗಳಲ್ಲಿ ಬರೆದ ಜಲವರ್ಣಚಿತ್ರಗಳಲ್ಲೊಂದು ಈಗ ಲಂಡನ್ನಿನ ಕೋರ್ಟಾಲ್ಡ್ ಸಂಗ್ರಹದಲ್ಲಿದೆ. ಸೇಬಿನ ಹಣ್ಣುಗಳು, ಒಂದು ಸೀಸೆ, ಹಿಂಗಡೆ ಕುರ್ಚಿಯ ಬಾಗಿದ ಒರಗು: ಇವೇ ಅದರ ಮುಖ್ಯ ವಸ್ತುಗಳು. ಅದರ ಕಾಲ 1904–06 ಎಂದು ವಿದ್ವಾಂಸರು ಎಣಿಸಿರುವರು. ಪೆನ್ಸಿಲಿನ ಗೆರೆಗಳು ಮರೆಯಾಗದೆ ಉಳಿದಿವೆ; ಕಾಗದವೂ ಅಲ್ಲಲ್ಲಿ ಬಣ್ಣವಿಲ್ಲದೆ ತೋರುತ್ತದೆ. ಆದುದರಿಂದ ಇಂತಹ ಚಿತ್ರಗಳನ್ನು ‘ಮುಗಿಯದವು’ ಎನ್ನುವ ವಾಡಿಕೆಯುಂಟು. ಆ ಮಾತು ಎಷ್ಟರಮಟ್ಟಿಗೆ ಸಾಧುವೆಂಬುದು ವಿಚಾರಾರ್ಹವಾಗಿದೆ.

ಮೊದಲು ರಚನಾಕ್ರಮವನ್ನು ನೋಡೋಣ. 1904ರಲ್ಲಿ ಎಕ್ಸ್ ನಗರದಲ್ಲಿ ಸೆಜಾನನನ್ನು ಕಂಡ ಎಮಿಲ್ ಬೆರ್ನಾರನು 1907ರಲ್ಲಿ ಪ್ರಕಟಿಸಿದ ಸ್ಮರಣೆಗಳಲ್ಲಿ ಅವನ ಜಲವರ್ಣದ ರೀತಿಯನ್ನು ವಿವರಿಸಿದ್ದಾನೆ. ಸೆಜಾನನು ನೆರಳಿನಿಂದ ತೊಡಗಿ, ಒಂದು ಬಣ್ಣದ ಲೇಪದ ಮೇಲೆ ಅದನ್ನು ಮೀರಿ ಹರಡುವ ಇನ್ನೊಂದನ್ನು, ಅದರ ಮೇಲೆ ಮೂರನೆಯದನ್ನು ಇಡುತ್ತಿದ್ದನು. ಈ ಪದರಗಳೇ ವಸ್ತುವಿಗೆ ಆಕಾರವನ್ನು ಕೊಡುತ್ತಿದ್ದುವು. ನೆರಳಿನಿಂದ ಬೆಳಕಿಗೆ ನಡೆಯುವ ಈ ಕ್ರಮದ ಕೊನೆಯ ಮೆಟ್ಟಿಲು ಬರಿಯ ಕಾಗದ. ಪಾರದರ್ಶಕವಾದ ಜಲವರ್ಣದಲ್ಲಿ ಬಿಳುಪನ್ನು ಬಳಿಯುವುದಿಲ್ಲ, ಉಳಿಸುವುದು. ಸೇಬಿನ ಉಬ್ಬಿನಲ್ಲಿ ಉಳಿದ ಎಡೆ ಹಣ್ಣಿನ ಹೊಳಪೇ ಆಗಿದೆ.

ಆದರೆ ಬಣ್ಣವಿಲ್ಲದ ಎಡೆಗಳೆಲ್ಲವನ್ನೂ ಹೊಳಪೆನ್ನಲಾಗದೆಂದು ಆಕ್ಷೇಪಿಸಬಹುದು. ಇದಕ್ಕೆ ಚಿತ್ರವ್ಯಾಪಾರಿ ವೊಲ್ಲಾರನು 1914ರ ತನ್ನ ಗ್ರಂಥದಲ್ಲಿ ಹೇಳಿದ ಪ್ರಸಂಗವೊಂದು ನೆರವಾಗುತ್ತದೆ. 1899ರಲ್ಲಿ ಸೆಜಾನನು ಅವನ ಭಾವಚಿತ್ರವನ್ನು ನೂರಹದಿನೈದು ಸಲ ಎದುರಿಗೆ ಕೂರಿಸಿಕೊಂಡು ಬರೆದಮೇಲೂ ಕೈಯಲ್ಲಿ ಎರಡು ಚುಕ್ಕೆಗಳಷ್ಟು ಎಡೆ ಉಳಿದಿತ್ತಂತೆ. ಅಲ್ಲಿ ತೋಚಿದ ಬಣ್ಣವನ್ನಿಟ್ಟರೆ ಇಡೀ ಚಿತ್ರವನ್ನು ಅಲ್ಲಿಂದಲೇ ಮತ್ತೆ ಬರೆಯಬೇಕಾದೀತೆಂದು ಚಿತ್ರಕಾರನು ಉತ್ತರಿಸಿದನೆಂದು ಅವನು ಬರೆದಿದ್ದಾನೆ. ವೊಲ್ಲಾರನು ಕಥನಪ್ರಿಯ, ಆ ಭಾವಚಿತ್ರವು ತೈಲವರ್ಣದ್ದು. ಆದರೂ ಒಂದೊಂದು ಲೇಪವೂ ಉಳಿದವುಗಳನ್ನೆಲ್ಲ ಕದಲಿಸುವುದೆಂಬ ತತ್ತ್ವವು ಒಮ್ಮೆ ಇಟ್ಟ ಬಣ್ಣವನ್ನು ಸುಲಭವಾಗಿ ಅಳಿಸಲಾಗದ ಜಲವರ್ಣಕ್ಕೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ.

ಇಂತಹ ಚಿತ್ರಗಳು ಮರಣಾನಂತರ ದೊರೆತ ಬರಿಯ ಕರಡುಗಳೆನ್ನುವುದೂ ಸರಿಯಲ್ಲ. 1905ರಲ್ಲಿ, ಅವನು ಬದುಕಿದ್ದಾಗಲೇ, ವೊಲ್ಲಾರನು ಪ್ಯಾರಿಸ್ಸಿನಲ್ಲಿ ಅವನ ಜಲವರ್ಣಗಳನ್ನು ಪ್ರದರ್ಶಿಸಿದ್ದನು; 1907ರ ಜೂನ್ ತಿಂಗಳಲ್ಲಿ ಬೆರ್ನ್‌ಹೈಮ್-ಜೂನ್ ಚಿತ್ರಶಾಲೆಯಲ್ಲಿ 79 ಜಲವರ್ಣಗಳು ಪ್ರದರ್ಶಿತವಾದುವು.

ನಮ್ಮ ಭಾಷೆಯಲ್ಲಿ ‘ಅಸಮಾಪ್ತ’, ‘ಅಪೂರ್ಣ’ ಎಂಬ ಎರಡು ಮಾತುಗಳಿವೆ. ಮೊದಲನೆಯದು ಕೆಲಸವನ್ನು ಕುರಿತದ್ದು, ಎರಡನೆಯದು ಕೃತಿಯನ್ನು ಕುರಿತದ್ದು. ಸೆಜಾನನು ಮರುದಿನ ಇನ್ನೊಂದು ಲೇಪವನ್ನು ಇಡಬಹುದಾಗಿತ್ತು. ಆ ಅರ್ಥದಲ್ಲಿ ಈ ಚಿತ್ರವು ಅಸಮಾಪ್ತ. ಇಟ್ಟಷ್ಟರಲ್ಲಿ ಹಣ್ಣಿಗೆ ತೂಕವೂ ಬೆಳಕೂ ಕೂಡಿಬಂದಿರುವುದರಿಂದ ಅದನ್ನು ಅಪೂರ್ಣವೆನ್ನುವುದು ಯುಕ್ತವಾಗಲಾರದು.