ಸ್ತನ ಕ್ಯಾನ್ಸರಿನ ಚಿಕಿತ್ಸೆ ಮತ್ತು ದೇಹಪ್ರತಿಮೆ

ತನ್ನ ಶರೀರವನ್ನು ಕುರಿತು ವ್ಯಕ್ತಿಯ ಮನಸ್ಸಿನಲ್ಲಿ ನೆಲೆಗೊಂಡಿರುವ ಚಿತ್ರಕ್ಕೆ ದೇಹಪ್ರತಿಮೆಯೆಂದು ಹೆಸರು. ಮನೋವೈದ್ಯ ಪಾಲ್ ಶಿಲ್ಡರನ 1935ರ ಗ್ರಂಥದಿಂದ ಪ್ರಚುರವಾದ ಈ ಪರಿಕಲ್ಪನೆ, ಸ್ತನಚ್ಛೇದನ, ಗಾಯದ ಕಲೆ, ಕೇಶನಷ್ಟ, ತೋಳಿನ ಬಾವು ಇವುಗಳನ್ನು ಅನುಭವಿಸುವ ಸ್ತ್ರೀಯರ ವಿಷಯದಲ್ಲಿ ವಿಶೇಷ ಮಹತ್ತ್ವವನ್ನು ಪಡೆದಿದೆ.

ಅರಿವಳಿಕೆ ಇನ್ನೂ ಬಳಕೆಗೆ ಬಾರದಿದ್ದ 1811ರಲ್ಲಿ ಪ್ಯಾರಿಸ್ಸಿನಲ್ಲಿ ಸ್ತನಚ್ಛೇದನಕ್ಕೆ ಒಳಗಾದ ಆಂಗ್ಲ ಕಾದಂಬರಿಕಾರ್ತಿ ಫ್ಯಾನಿ ಬರ್ನಿ ತನ್ನ ಸೋದರಿಗೆ ಬರೆದ ಪತ್ರವು, ಶಸ್ತ್ರದಡಿಯಲ್ಲಿ ಮಲಗಿದವಳೇ ಆ ವೇದನೆಯನ್ನು ನಿರೂಪಿಸಿದ ಅಪೂರ್ವ ದಾಖಲೆ. ಆದರೆ ವೈದ್ಯಶಾಸ್ತ್ರಕ್ಕೆ ಅಂಥ ಧ್ವನಿ ಬಹುಕಾಲ ಕೇಳಿಸಲಿಲ್ಲ. ಬಾಲ್ಟಿಮೋರಿನ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ವಿವರಿಸಿದ ಶಸ್ತ್ರಕ್ರಿಯೆ ಸ್ತನದೊಡನೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದುಹಾಕುತ್ತಿತ್ತು. ರೋಗವನ್ನು ಬೇರುಸಹಿತ ಕೀಳುವ ಸದುದ್ದೇಶದಿಂದ ಹುಟ್ಟಿದ ಈ ಕ್ರಮವು, ಗುಳಿಬಿದ್ದ ಎದೆಯನ್ನೂ ಬಾತ ತೋಳನ್ನೂ ಬದುಕುಳಿದುದರ ಬೆಲೆಯೆಂಬಂತೆ ಸ್ತ್ರೀಯರ ಪಾಲಿಗೆ ಬಿಟ್ಟು, ಮುಕ್ಕಾಲು ಶತಮಾನ ಪ್ರಬಲವಾಗಿ ನಿಂತಿತು.

ಈ ಮೌನವನ್ನು ಮುರಿದವರು ಸ್ತ್ರೀಯರೇ. ಇದೇ ಶಸ್ತ್ರಕ್ರಿಯೆಯನ್ನು ಅನುಭವಿಸಿದ ನ್ಯೂಯಾರ್ಕಿನ ಟೆರೀಸ್ ಲ್ಯಾಸರ್ 1952ರಲ್ಲಿ ಆರಂಭಿಸಿದ 'ರೀಚ್ ಟು ರಿಕವರಿ' ಕಾರ್ಯದಲ್ಲಿ, ಗುಣಹೊಂದಿದವರು ರೋಗಿಗಳ ಹಾಸಿಗೆಯ ಬಳಿಗೆ ಹೋಗಿ ತೋಳಿನ ವ್ಯಾಯಾಮವನ್ನೂ ಕೃತಕ ಸ್ತನದ ಬಳಕೆಯನ್ನೂ ತಿಳಿಸಿಕೊಡುತ್ತಿದ್ದರು. 1974ರಲ್ಲಿ ಅಮೆರಿಕದ ಅಧ್ಯಕ್ಷಪತ್ನಿ ಬೆಟ್ಟಿ ಫೋರ್ಡ್ ತನ್ನ ಸ್ತನಚ್ಛೇದನವನ್ನು ಬಹಿರಂಗಪಡಿಸಿದಳು. ಪರೀಕ್ಷೆಗೆಂದು ಅರಿವಳಿಕೆ ಪಡೆದವಳು ಎಚ್ಚರಗೊಳ್ಳುವಷ್ಟರಲ್ಲಿ ಸ್ತನವನ್ನೇ ಕಳೆದುಕೊಂಡಿರುವ ಪದ್ಧತಿಯನ್ನು ಪತ್ರಿಕಾಲೇಖಕಿ ರೋಸ್ ಕುಶ್ನರ್ ವಿರೋಧಿಸಿದಳು. ಪರೀಕ್ಷೆ ಮತ್ತು ಚಿಕಿತ್ಸೆಗಳನ್ನು ಪ್ರತ್ಯೇಕಿಸಬೇಕೆಂದು 1979ರಲ್ಲಿ ಅಮೆರಿಕದ ತಜ್ಞಮಂಡಲಿಯೂ ಸೂಚಿಸಿತು. ಕವಯಿತ್ರಿ ಆಡ್ರಿ ಲಾರ್ಡ್ 1980ರ ತನ್ನ ಕೃತಿಯಲ್ಲಿ ಕೃತಕ ಸ್ತನವನ್ನೇ ನಿರಾಕರಿಸಿ, ನಷ್ಟವನ್ನು ಮರೆಮಾಡಬೇಕೆಂಬ ಒತ್ತಾಯವು ಸ್ತ್ರೀಯರನ್ನು ಪರಸ್ಪರ ಅಗೋಚರರನ್ನಾಗಿ ಮಾಡುತ್ತದೆಂದು ವಾದಿಸಿದಳು.

ಇತ್ತ ಮಿಲಾನಿನ ಉಂಬೆರ್ಟೊ ವೆರೊನೆಸಿ 1981ರಲ್ಲಿಯೂ ಅಮೆರಿಕದ ಬರ್ನಾರ್ಡ್ ಫಿಷರ್ 1985ರಲ್ಲಿಯೂ ಪ್ರಕಟಿಸಿದ ಪ್ರಯೋಗಗಳು, ಆರಂಭದ ಹಂತದ ರೋಗದಲ್ಲಿ ಗಡ್ಡೆಯಿರುವ ಭಾಗವನ್ನಷ್ಟೇ ತೆಗೆದು ವಿಕಿರಣ ನೀಡಿದರೂ ಆಯುಸ್ಸು ಕುಗ್ಗದೆಂದು ತೋರಿಸಿದುವು. 1962ರಲ್ಲಿ ಹ್ಯೂಸ್ಟನ್ನಿನಲ್ಲಿ ಮೊದಲು ಅಳವಡಿಸಿದ ಸಿಲಿಕೋನ್ ಸ್ತನವೂ, ತರುವಾಯ ಸ್ವಂತ ಅಂಗಾಂಶದಿಂದಲೇ ಮಾಡುವ ಪುನಾರಚನೆಯೂ ಬೇರೆ ಮಾರ್ಗಗಳನ್ನು ತೆರೆದುವು. ಸ್ತನಚ್ಛೇದನದ ವೆಚ್ಚ ಭರಿಸುವ ವಿಮೆಯು ಪುನಾರಚನೆಯ ವೆಚ್ಚವನ್ನೂ ಭರಿಸತಕ್ಕದ್ದೆಂದು 1998ರಲ್ಲಿ ಅಮೆರಿಕ ಶಾಸನ ಮಾಡಿತು.

2001ರಲ್ಲಿ ಬ್ರಿಟನ್ನಿನ ಪೆನೆಲೊಪಿ ಹಾಪ್‌ವುಡ್ ಮತ್ತು ಸಹೋದ್ಯೋಗಿಗಳು ಕ್ಯಾನ್ಸರ್ ರೋಗಿಗಳಿಗಾಗಿ 10 ಪ್ರಶ್ನೆಗಳ ದೇಹಪ್ರತಿಮೆಯ ಮಾಪಕವನ್ನು ಪ್ರಕಟಿಸಿದರು. ಗಾಯದ ಕಲೆಯ ವಿಷಯದಲ್ಲಿ ಅತೃಪ್ತಿಯುಂಟೆ, ತನ್ನ ನಗ್ನ ಶರೀರವನ್ನು ನೋಡಿಕೊಳ್ಳಲು ಕಷ್ಟವಾಗುವುದೆ ಎಂದು ಅದು ಕೇಳುತ್ತದೆ. ಬರ್ನಿ ಯಾರೂ ಕೇಳದೆಯೇ ಪತ್ರದಲ್ಲಿ ಹೇಳಿಕೊಂಡ ಬಗೆಯ ಮಾತಿಗೆ ಚಿಕಿತ್ಸಾಲಯದ ಕಡತದಲ್ಲಿ ಹೀಗೆ ಸ್ಥಾನ ದೊರೆಯಿತು.