ಲಂಟಾನ ಕಡ್ಡಿಗಳಲ್ಲಿ ಅರಳುವ ಆನೆಗಳು

ಕಾಡಿನಿಂದ ಆಯ್ದು ತಂದ ಕಡ್ಡಿಗಳನ್ನು ಬಾಗಿಸಿ, ಹೆಣೆದು ಪೀಠೋಪಕರಣ ಹಾಗೂ ಪ್ರತಿಮೆಗಳನ್ನು ರೂಪಿಸುವ ಕಲೆಗೆ ಚಾಮರಾಜನಗರ ಜಿಲ್ಲೆ ಮತ್ತು ನೀಲಗಿರಿಯ ಅರಣ್ಯವಾಸಿಗಳು ಆಧಾರವಾಗಿಸಿಕೊಂಡಿರುವುದು ಒಂದು ಕಳೆಯನ್ನು. ಅದೇ ಲಂಟಾನ.

ಹಿನ್ನೆಲೆ

ಅಮೆರಿಕ ಖಂಡದ ಉಷ್ಣವಲಯ ಲಂಟಾನದ ತವರು. ಬಣ್ಣಬಣ್ಣದ ಹೂಗಳಿಗೆ ಮನಸೋತ ಬ್ರಿಟಿಷರು 19ನೇ ಶತಮಾನದ ಆರಂಭದಲ್ಲಿ ಇದನ್ನು ಅಲಂಕಾರಿಕ ಸಸ್ಯವಾಗಿ ಭಾರತಕ್ಕೆ ತಂದರು. ಹಣ್ಣು ತಿನ್ನುವ ಹಕ್ಕಿಗಳು ಬೀಜವನ್ನು ಕಾಡಿಗೆ ಸಾಗಿಸಿದವು. ಭಾರತದ ಹುಲಿ ನೆಲೆಗಳ ಶೇ. 40ರಷ್ಟು ಪ್ರದೇಶವನ್ನು ಲಂಟಾನ ಆಕ್ರಮಿಸಿದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿದೆ. ಇದರ ದಟ್ಟ ಪೊದೆಗಳಡಿ ಹುಲ್ಲು ಹಾಗೂ ಎಳೆಯ ಸಸಿಗಳು ತಲೆಯೆತ್ತಲಾರವು. ಎಲೆಗಳು ಜಾನುವಾರುಗಳಿಗೆ ವಿಷ. ಹೀಗಾಗಿ ಆನೆ, ಜಿಂಕೆ, ಕಾಟಿಗಳ ಮೇವು ಕುಗ್ಗುತ್ತದೆ.

ಕರಕುಶಲ ಕಲೆಯಾಗಿ

ಮಲೆ ಮಹದೇಶ್ವರ ಬೆಟ್ಟದಲ್ಲಿ ಬೆಂಗಳೂರಿನ ‘ಏಟ್ರೀ’ ಸಂಸ್ಥೆಯು 2004ರ ಸುಮಾರಿಗೆ ಸೋಲಿಗ ಮತ್ತಿತರ ಸಮುದಾಯದವರಿಗೆ ಲಂಟಾನ ಕರಕುಶಲ ತರಬೇತಿ ಆರಂಭಿಸಿತು. ಬಿದಿರು, ಬೆತ್ತಗಳಿಗೆ ಬದಲಾಗಿ ಪುಕ್ಕಟೆ ದೊರೆಯುವ ಕಳೆಯನ್ನು ಬಳಸಿ ಜೀವನೋಪಾಯ ಕಲ್ಪಿಸುವುದು ಅದರ ಉದ್ದೇಶವಾಗಿತ್ತು.

ಮುಂದೆ ತಮಿಳುನಾಡಿನ ಗೂಡಲೂರು ಸುತ್ತಮುತ್ತ ಬೆಟ್ಟಕುರುಂಬ, ಪಣಿಯ, ಕಾಟ್ಟುನಾಯಕ, ಸೋಲಿಗ ಕುಶಲಕರ್ಮಿಗಳು ‘ರಿಯಲ್ ಎಲಿಫೆಂಟ್ ಕಲೆಕ್ಟಿವ್’ ಹೆಸರಿನಲ್ಲಿ ನಿಜಗಾತ್ರದ ಆನೆಗಳನ್ನು ನಿರ್ಮಿಸತೊಡಗಿದರು. ಅಲ್ಲಿನ ಕಾಡುಗಳಲ್ಲಿ ಮನುಷ್ಯರ ನೆರೆಯಲ್ಲೇ ಬದುಕುವ ಆನೆಗಳೇ ಇವುಗಳಿಗೆ ಮಾದರಿ.

ತಯಾರಿಕೆ

ನೀಳವಾದ ಕಡ್ಡಿಗಳನ್ನು ಆರಿಸಿ, ನೀರಿನಲ್ಲಿ ಕುದಿಸಲಾಗುತ್ತದೆ. ಇದರಿಂದ ತೊಗಟೆ ಸುಲಭವಾಗಿ ಸುಲಿದು, ಕಡ್ಡಿ ಬಾಗುವ ಗುಣ ಪಡೆಯುತ್ತದೆ. ಕಬ್ಬಿಣದ ಸರಳುಗಳ ಚೌಕಟ್ಟಿನ ಮೇಲೆ ಇವುಗಳನ್ನು ಒತ್ತೊತ್ತಾಗಿ ಬಿಗಿದಾಗ ಸೊಂಡಿಲಿನ ತಿರುವು, ಕಿವಿಯ ಹರವು, ಚರ್ಮದ ಸುಕ್ಕು ಮೂಡುತ್ತವೆ.

ಪ್ರದರ್ಶನಗಳು

2021ರಲ್ಲಿ ಲಂಡನ್ನಿನ ರಾಜೋದ್ಯಾನಗಳಲ್ಲಿ ಈ ಆನೆಗಳ ಹಿಂಡು ಬೀಡುಬಿಟ್ಟಿತ್ತು. 2024ರ ಆರಂಭದಲ್ಲಿ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಕಾಣಿಸಿಕೊಂಡವು. ಅದೇ ವರ್ಷ ನೂರು ಆನೆಗಳು ಅಮೆರಿಕದ ನ್ಯೂಪೋರ್ಟ್‌ನಿಂದ ಸಂಚಾರ ಆರಂಭಿಸಿ, ನ್ಯೂಯಾರ್ಕ್ ಮತ್ತು ಮಯಾಮಿ ನಗರಗಳನ್ನು ತಲುಪಿದವು. ಮಾರಾಟದಿಂದ ಬಂದ ಹಣವನ್ನು ಮಾನವ-ವನ್ಯಜೀವಿ ಸಹಬಾಳ್ವೆಯ ಯೋಜನೆಗಳಿಗೆ ಮೀಸಲಿಡಲಾಗಿದೆ.

ಮಿತಿಗಳು

ಕಲೆಯೊಂದರಿಂದಲೇ ಲಂಟಾನ ಅಳಿಯದು. ಕೊಂಬೆಯನ್ನಷ್ಟೇ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ನೆಲದೊಳಗೆ ತಾಯಿಬೇರನ್ನು ಕತ್ತರಿಸಿ ಬುಡಸಮೇತ ಕೀಳಬೇಕು. ತೆರವಾದ ಜಾಗದಲ್ಲಿ ಸ್ಥಳೀಯ ಹುಲ್ಲು, ಸಸಿಗಳನ್ನು ಬೆಳೆಸಿ, ಹೊಸ ಮೊಳಕೆಗಳನ್ನು ವರ್ಷವರ್ಷವೂ ಕಿತ್ತುಹಾಕಬೇಕು. ಪ್ರತಿಮೆಗೆ ಬೇಕಾಗುವ ಕಡ್ಡಿ ಕಾಡಿನಲ್ಲಿರುವ ಕಳೆಯ ಅತ್ಯಲ್ಪ ಪಾಲು ಮಾತ್ರ. ಆದರೂ ಆನೆಯ ಮೇವು ಕಸಿದ ಗಿಡವೇ ಅರಣ್ಯವಾಸಿಗಳ ಕೈಗೆ ದುಡಿಮೆ ನೀಡಿರುವುದು ಈ ಕಲೆಯ ಸಾರ್ಥಕತೆಯಾಗಿದೆ.